ಚೀಟಿ ತಲುಪದ ಮನೆ

ಇದನ್ನು ಹೇಳಿಬಿಡಬೇಕೆಂದು ಮೊದಲ ಸಲ ಅನ್ನಿಸಿದ್ದು ನಾನು ನಿವೃತ್ತನಾದ ದಿನ. ಡಿಪೋದಲ್ಲಿ ಹಾರ ಹಾಕಿ, ಎರಡು ಮಾತಾಡಿ ಎಂದು ಮೈಕು ಕೊಟ್ಟಿದ್ದರು. ಅದಕ್ಕೂ ಮೊದಲು ನನ್ನ ಜೊತೆಯ ಡ್ರೈವರ್ ಎದ್ದು, "ಇವ್ರು ಕೈಗೆ ಕೊಟ್ಟ ಸಾಮಾನು ಒಂದಿನ ತಪ್ಸಿದವ್ರಲ್ಲ" ಎಂದು ಹೊಗಳಿ ಕೂತಿದ್ದ. ನಾನು ಮೈಕು ಹಿಡಿದು, ಎಲ್ಲರಿಗೂ ನಮಸ್ಕಾರ ಎಂದಷ್ಟೇ ಹೇಳಿ ಕೆಳಗಿಟ್ಟೆ. ಆಮೇಲೆ ದೊಡ್ಡ ಮಗಳ ಮದುವೆಯಾಗಲಿ ಎಂದುಕೊಂಡೆ. ಆಯಿತು. ಸಣ್ಣವಳದೂ ಆಯಿತು. ಕಣ್ಣಿನ ಆಪರೇಷನ್ ಮುಗಿಯಲಿ, ಬರೆಯಲು ಅನುಕೂಲವಾಗುತ್ತದೆ ಎಂದುಕೊಂಡೆ. ಅದು ಮುಗಿದೂ ಒಂದು ಮಳೆಗಾಲ ಕಳೆಯಿತು. ಈಗ ಕಣ್ಣು ಚೆನ್ನಾಗಿ ಕಾಣುತ್ತದೆ, ನೆಪ ಮಾತ್ರ ಯಾವುದೂ ಕಾಣುತ್ತಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಹತ್ತನೇ ಇಯತ್ತೆ ಪಾಸಾದವನು. ಹೊನ್ನಾವರದಲ್ಲಿ ನಾನು ಈಗ ಇರುವ ಮನೆಯನ್ನು ಹೇಗೆ ಕೊಂಡೆ ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ ಅರ್ಧ ಹೇಳಿದ್ದೇನೆ. ಉಳಿದರ್ಧ ಇಲ್ಲಿದೆ.

ನಮ್ಮ ಮೂಲ ಹಿರೇಗುತ್ತಿ. ಮನೆ ಹೆದ್ದಾರಿಗೆ ತಾಗಿಕೊಂಡೇ ಇತ್ತು. ರಸ್ತೆ ಅಗಲ ಮಾಡಲು ಅಳತೆಗೆ ಬಂದವರು ಒಂದು ಗುರುತಿನ ಕಲ್ಲನ್ನು ನಮ್ಮ ಅಡುಗೆಮನೆಯ ಬಾಗಿಲಲ್ಲೇ ನೆಟ್ಟರು. ಪರಿಹಾರ ಬಂತು, ಅಣ್ಣತಮ್ಮಂದಿರು ಹಂಚಿಕೊಂಡೆವು, ದಿಕ್ಕಿಗೊಬ್ಬರಾದೆವು. ನನ್ನ ಡ್ಯೂಟಿ ಕುಮಟಾ–ಭಟ್ಕಳ ಬಸ್ಸಿನಲ್ಲಿ. ನಡುವಿನ ಹೊನ್ನಾವರವಾದರೆ ನನಗೂ ಅನುಕೂಲ, ಮಕ್ಕಳ ಕಾಲೇಜಿಗೂ ಹತ್ತಿರ ಎಂದು ಅಲ್ಲಿ ಬಾಡಿಗೆ ಮನೆ ಹಿಡಿದೆ. ದಿನಕ್ಕೆ ನಾಲ್ಕು ಸಲ ಹಾದುಹೋಗುತ್ತಿದ್ದ ಊರು. ಆದರೂ ಬಸ್ಸಿನ ಬಾಗಿಲಲ್ಲಿ ನಿಂತು ಕಂಡ ಊರಿಗೂ ಸಂಸಾರ ಇಳಿಸಿದ ಊರಿಗೂ ವ್ಯತ್ಯಾಸವಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ನಗುತ್ತಿದ್ದ ಕಿರಾಣಿ ಅಂಗಡಿಯವನು ಸಮವಸ್ತ್ರವಿಲ್ಲದೆ ಹೋದಾಗ, "ಯಾವೂರ್ ಆತು ನಿಮ್ದು?" ಎಂದು ಕೇಳಿದ.

ಬಾಡಿಗೆ ಮನೆಯ ಯಜಮಾನರು ಎರಡೇ ಷರತ್ತು ಹಾಕಿದ್ದರು. ಗೋಡೆಗೆ ಮೊಳೆ ಹೊಡೆಯಬಾರದು, ಮನೆಯಲ್ಲಿ ಮೀನು ಮಾಡಬಾರದು. ದೇವರ ಪಟಗಳು ಟ್ರಂಕಿನ ಮೇಲೆ ಗೋಡೆಗೆ ಒರಗಿ ಕೂತವು. ಮೀನಿಗೆ ಹೆಂಡತಿ ತಿಂಗಳಿಗೊಮ್ಮೆ ತದಡಿಯಲ್ಲಿದ್ದ ತನ್ನ ತಂಗಿಯ ಮನೆಗೆ ಹೋಗಿ ಬರುತ್ತಿದ್ದಳು. ಒಂದು ದಿನ ಜೋರು ಮಳೆ, ವಾಸನೆ ಹೊರಗೆ ಹೋಗಲಾರದು ಎಂದು ಲೆಕ್ಕ ಹಾಕಿ ಒಣಮೀನು ಸುಟ್ಟಳು. ಐದೇ ನಿಮಿಷಕ್ಕೆ ಯಜಮಾನರ ಹೆಂಡತಿ ಮೂಗಿಗೆ ಸೆರಗು ಹಿಡಿದು ಬಾಗಿಲಿಗೆ ಬಂದರು.

"ಹಿತ್ಲಲ್ಲಿ ಎಂತದೋ ಸತ್ತದೆ ಕಾಣ್ತದೆ, ಅಲ್ದಾ?"

"ಹೌದಕ್ಕ," ಎಂದಳು ನನ್ನ ಹೆಂಡತಿ. "ಇಲಿ ಇರ್ಬೇಕು."

ಮರುದಿನ ಅವರು ಇಲಿ ಪಾಷಾಣದ ಪೊಟ್ಟಣ ತಂದುಕೊಟ್ಟರು. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅವಳು ನಗಲಿಲ್ಲ. "ಇಲಿ ಅಂತ ಹೇಳ್ಕಂಡು ಮೀನು ತಿನ್ನೋ ಹಣೆಬರಹ ಬಂತಲ್ಲ. ನಂಗೆ ಚಿನ್ನ ಬ್ಯಾಡ, ಸೀರೆ ಬ್ಯಾಡ. ನಂದು ಅಂತ ಒಂದು ಒಲೆ ಮಾಡ್ಕೊಡಿ" ಎಂದಳು. ಆ ಮಾತು ನನ್ನೊಳಗೆ ಕೂತಿತು. ಕೂತಿತು ಎಂದು ಹೇಳುವುದು ನನ್ನ ತಪ್ಪನ್ನು ಅವಳ ತಲೆಗೆ ಕಟ್ಟಲು ಅಲ್ಲ. ಅವಳು ಒಲೆ ಕೇಳಿದ್ದಳು, ಇನ್ನೊಬ್ಬರ ಒಲೆಯನ್ನು ಕೇಳಿರಲಿಲ್ಲ.

ನಮ್ಮ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಕರಾವಳಿಯ ಕಂಡಕ್ಟರನಿಗೆ ಟಿಕೆಟ್ ಕೊಡುವುದು ಅರ್ಧ ಕೆಲಸ. ಉಳಿದರ್ಧ ಜನ ಕೊಟ್ಟದ್ದನ್ನು ಮುಂದಿನ ಊರಿಗೆ ಮುಟ್ಟಿಸುವುದು. ಮರೆತುಹೋದ ಕನ್ನಡಕ, ಬೀಗದ ಕೈ, ಔಷಧಿಯ ಬಾಟಲಿ, ಮಂಕಿಯ ಅಜ್ಜಿ ಹಳದೀಪುರದ ಮೊಮ್ಮಗನಿಗೆ ಕಳಿಸಿದ ಉಪ್ಪಿನಕಾಯಿ. ಮೊಬೈಲ್ ಬಂದ ಮೇಲೂ ಇದು ನಿಲ್ಲಲಿಲ್ಲ, ಉಪ್ಪಿನಕಾಯಿ ಮೊಬೈಲಿನಲ್ಲಿ ಹೋಗುವುದಿಲ್ಲವಲ್ಲ. ಯಾರೂ ರಸೀದಿ ಕೇಳುತ್ತಿರಲಿಲ್ಲ. "ಕಂಡಕ್ಟರ್ ಹತ್ರ ಕೊಟ್ಟೆ" ಎಂದರೆ ಕೊಟ್ಟ ಹಾಗೆಯೇ. ಆ ನಂಬಿಕೆ ನನಗೆ ಸಂಬಳಕ್ಕಿಂತ ಹೆಚ್ಚು ಸೊಕ್ಕು ಕೊಟ್ಟಿತ್ತು.

ಬೆಳಗಿನ ಟ್ರಿಪ್ಪಿನಲ್ಲಿ ಭಟ್ಕಳದಿಂದ ಹೊನ್ನಾವರಕ್ಕೆ ಒಬ್ಬ ಹೂವಿನಾಕೆ ಬರುತ್ತಿದ್ದಳು. ಭಟ್ಕಳ ಮಲ್ಲಿಗೆಯನ್ನು ಬಾಳೆಎಲೆಯಲ್ಲಿ ಸುತ್ತಿ, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಪಕ್ಕದ ಸೀಟಿನಲ್ಲೇ ಕೂರುವಳು. ವಿಧವೆ. ಮನೆಮಾತು ಕೊಂಕಣಿ, ನನ್ನೊಡನೆ ಕನ್ನಡ. ಗಂಡನ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದಳು. ಭಾವ ಒಳ್ಳೆಯವನು, ಅವನ ಗಂಡುಮಕ್ಕಳಿಗೆ ಆ ಕೋಣೆಯ ಮೇಲೆ ಕಣ್ಣು ಎಂದು ನನಗೆ ಟಿಕೆಟ್ ಹರಿಯುವಷ್ಟು ಹೊತ್ತಿನಲ್ಲೇ ಹೇಳಿ ಮುಗಿಸಿದ್ದಳು.

ಆ ವರ್ಷ ಮಳೆಗಾಲ ಶುರುವಾದಾಗ ಅವಳ ಮುಖದಲ್ಲಿ ಹೊಸ ಗೆಲುವು ಕಂಡಿತು. ಹೊನ್ನಾವರದಲ್ಲಿ ಒಬ್ಬ ಟೇಲರ್ ತಮ್ಮ ಮನೆ ಮಾರುವವರಿದ್ದರು. ಹೆಂಡತಿ ತೀರಿಕೊಂಡಿದ್ದರು, ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುತ್ತಿರಲಿಲ್ಲ, ಮುರುಡೇಶ್ವರದ ಮಗಳ ಮನೆಗೆ ಹೋಗುವುದೆಂದು ನಿಶ್ಚಯಿಸಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೇಳಿದ ದಿನಕ್ಕೆ ಬಟ್ಟೆ ಕೊಡುವ ಟೇಲರ್ ಎಂದರೆ ಪೇಟೆಯಲ್ಲಿ ಅವರೊಬ್ಬರೇ. ಕಿವಿ ಮಾತ್ರ ಬಹಳ ಮಂದ, ಬಲಗಿವಿಗೆ ಬಾಯಿಟ್ಟು ಕೂಗಬೇಕು. ಬ್ರೋಕರುಗಳು ಬಂದು ಹೋಗಿದ್ದರಂತೆ, ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟುವವರಿಗೆ ಕೊಡುವುದಿಲ್ಲ ಎಂದಿದ್ದರಂತೆ.

"ನಂಗೇ ಕೊಡ್ತೆ ಅಂದ್ರು ಕಂಡಕ್ಟ್ರೇ. ಸಣ್ಣ ಮನೆ, ಮುಂದೆ ನಾಕು ಮಲ್ಲಿಗೆ ಗಿಡ ಹಾಕೂಕೆ ಜಾಗ ಉಂಟು. ಇನ್ನು ನಿಮ್ಮ ಬಸ್ಸಿಗೆ ಕಾಯೂದು ತಪ್ತು."

"ಅಂದ್ರೆ ಇನ್ನು ನನ್ನ ಮೋರೆ ನೋಡೂದು ಬ್ಯಾಡ ಅಂತ್ಲಾ?"

"ನೋಡೂಕೆ ಏನದೆ ಆ ಮೋರೆಲಿ!" ಎಂದಳು. ಬಸ್ಸು ನಕ್ಕಿತು.

ಮುಂಗಡ ಕೊಡುವುದಕ್ಕೆ ನಾಗರಪಂಚಮಿಯ ಮರುದಿನ ಎಂದು ಮಾತಾಗಿತ್ತು. "ಆ ದಿನ ಬರೂಕಾಗದಿದ್ರೆ ಮಾತಾದ್ರೂ ಕಳ್ಸು. ಮಾತೂ ಬರಲಿಲ್ಲ ಅಂದ್ರೆ ನಿನಗೆ ಮನಸ್ಸಿಲ್ಲ ಅಂತ ತಿಳ್ಕಂಡು ಬೇರೆಯವ್ರಿಗೆ ಕೊಡ್ತೆ" ಎಂದು ಟೇಲರ್ ಹೇಳಿದ್ದರು. ಚೌತಿಯನ್ನು ಮಗಳ ಮನೆಯಲ್ಲಿ ಮಾಡುವ ಅವಸರ ಅವರಿಗಿತ್ತು.

ಪಂಚಮಿಗೆ ಎರಡು ದಿನ ಇದ್ದಾಗ ಬಾಗಿಲ ಪಕ್ಕದ ಸೀಟು ಖಾಲಿ ಇತ್ತು. ಹೂವಿಗೆ ಅಷ್ಟು ಬೇಡಿಕೆಯ ದಿನದಲ್ಲಿ ಅವಳು ಬರದಿರುವುದೆಂದರೇನು ಎಂದುಕೊಂಡೆ. ಪಂಚಮಿಯ ಮರುದಿನ ಬೆಳಿಗ್ಗೆ ಭಟ್ಕಳ ಬಸ್‌ಸ್ಟ್ಯಾಂಡಿನಲ್ಲಿ, ಕಂಬದ ಆಚೆ ಬುಟ್ಟಿಯಿಲ್ಲದೆ ನಿಂತಿದ್ದಳು. ನಾನು ಹತ್ತಿರ ಹೋದರೆ ಹಿಂದೆ ಸರಿದಳು.

"ಮುಟ್ಬೇಡಿ, ಸೂತಕ. ಭಾವ ಹೋದ್ರು."

ಸೂತಕದವರು ಹೂವು ಮುಟ್ಟುವ ಹಾಗಿಲ್ಲ. ಮುಗಿಯುವ ತನಕ ಮನೆಯ ಮುಂಗಡದಂಥ ಶುಭದ ಮಾತೂ ಇಲ್ಲ, ಒಬ್ಬರ ಹೊಸ್ತಿಲು ತುಳಿಯುವುದೂ ಇಲ್ಲ. ಅವಳ ತಮ್ಮ ಗೋವಾದಲ್ಲಿ ಹೋಟೆಲ್ ಕೆಲಸದವನು, ಹದಿಮೂರನೆಯ ದಿನಕ್ಕೆ ಬರುವವನು. ಫೋನ್ ಮಾಡಿದರೆ ಟೇಲರಿಗೆ ಕೇಳುವುದಿಲ್ಲ. ಅವಳಿಗೆ ಬರೆಯಲು ಬಾರದು.

"ನೀವು ಬರ್ದು ನೀವೇ ಕೊಡಿ. ನಾ ಮುಟ್ಟಿದ ಕಾಗ್ದ ಅವ್ರ ಮನೆಗೆ ಹೋಗೂದು ಬ್ಯಾಡ. ಸೂತಕ ಕಳ್ದ ಮರುದಿನವೇ ತಮ್ಮನ ಕರ್ಕಂಡು ಬತ್ತೆ ಅಂತ ಬರೀರಿ. ಅದೊಂದು ಹತ್ತು ದಿನ ಮನೆ ಹಿಡ್ಕಂಡಿರಿ ಅಂತ ಬರೀರಿ. ಭಾವ ಇಲ್ಲದ ಮೇಲೆ ಆ ಹುಡುಗ್ರು ನನ್ನ ಇರಗೊಡೂದಿಲ್ಲ ಅಂತ... ಅದು ಬ್ಯಾಡ. ಅದು ಬರೀಬೇಡಿ."

ಟ್ರಿಪ್ಪಿನ ಲೆಕ್ಕ ಬರೆಯುವ ಹಳೆಯ ವೇಬಿಲ್ಲಿನ ಹಿಂಬದಿಯಲ್ಲಿ ಬರೆದೆ. ದುಂಡಗಿನ ಅಕ್ಷರ, ಶಾಲೆಯಲ್ಲಿ ಮೇಷ್ಟರು ಹೊಗಳುತ್ತಿದ್ದ ಅಕ್ಷರ. ಅವಳಿಗೆ ಓದಿ ಹೇಳಿದೆ. ಮಡಚಿ ಚರ್ಮದ ಚೀಲದ ಒಳಜೇಬಿಗೆ ಹಾಕಿದೆ.

ಆ ದಿನ ನಾನು ಅದನ್ನು ಮರೆತೆ. ಇದು ನಿಜ, ಇದನ್ನು ಯಾರ ಎದುರೂ ಆಣೆ ಮಾಡಿ ಹೇಳಬಲ್ಲೆ. ಹೊನ್ನಾವರ ಮುಟ್ಟುವಷ್ಟರಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಕರ್ಕಿಯ ಹತ್ತಿರ ಟಯರ್ ಪಂಕ್ಚರ್ ಆಯಿತು, ಜನರನ್ನು ಬೇರೆ ಬಸ್ಸಿಗೆ ಹತ್ತಿಸಿ, ಚಿಲ್ಲರೆಗಾಗಿ ಒಬ್ಬನ ಹತ್ತಿರ ಜಗಳವಾಡಿ, ಮನೆ ಸೇರುವಾಗ ಸಂಜೆ. ಮರುದಿನ ರಜೆ. ಚೀಲ ಒರೆಸಲು ತೆಗೆದಾಗ ಚೀಟಿ ಕೈಗೆ ಬಂತು. ಒಂದೇ ದಿನ ತಡ, ಹೋಗಿ ತಪ್ಪಾಯಿತು ಎಂದು ಕೊಟ್ಟರೆ ಆಯಿತು ಎಂದು ಆಗಲೇ ಚಪ್ಪಲಿ ಮೆಟ್ಟಿ ಹೊರಟೆ. ಆಗಿನವರೆಗೆ ನಾನು ಒಳ್ಳೆಯ ಮನುಷ್ಯನೇ ಆಗಿದ್ದೆ.

ಟೇಲರ್ ಮೆಟ್ಟಿಲ ಮೇಲೆ ಕೂತು ಮಷಿನ್ನಿನ ಬಿಡಿಭಾಗಗಳನ್ನು ಹಳೆಯ ಬನಿಯನ್ನಿನಲ್ಲಿ ಒರೆಸುತ್ತಿದ್ದರು. ಪೇಟೆಯಲ್ಲಿ ನೋಡಿ ನನ್ನ ಪರಿಚಯವಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು. ಕಿವಿ ಕೇಳದವರು ಎದುರಿನವರ ಮಾತಿಗೆ ಕಾಯುವುದಿಲ್ಲ.

"ಬಾ ತಮಾ, ಕೂತ್ಕ. ಆ ಹೂವಿನವಳು ನಿನ್ನ ಬಸ್ಸಿಗೇ ಬತ್ತಿತ್ತಲ್ಲ, ಎಂತ ಆಯ್ತು ಅವ್ಳಿಗೆ? ನಿನ್ನೆ ದಿನಪೂರ್ತಿ ಕಾದೆ. ಬರಲೂ ಇಲ್ಲ, ಮಾತೂ ಇಲ್ಲ. ಮನಸ್ಸು ತಿರುಗ್ತು ಕಾಣ್ತದೆ. ತಿರುಗ್ಲಿ, ಬಲವಂತ ಎಂತದು." ಬನಿಯನ್ ಕೊಡವಿದರು. "ನೀನೂ ಬಾಡಿಗೆ ಮನೆಲಿ ಇದ್ದೆ ಅಂತ ಕೇಳ್ದೆ. ಹೆಣ್ಮಕ್ಕಳು ಬೇರೆ. ನಿಂಗೆ ಬೇಕಾ ಈ ಮನೆ? ನೋಡು ಬಾ."

ನನ್ನ ಕೈ ಅಂಗಿಯ ಜೇಬಿನ ಮೇಲಿತ್ತು. ಒಳಗೆ ಚೀಟಿ ಇತ್ತು. ಅವರ ಬಲಗಿವಿ ನನ್ನ ಕಡೆಗೇ ಇತ್ತು.

ನಾನು ಎದ್ದು ಅವರ ಹಿಂದೆ ಒಳಗೆ ಹೋದೆ. ಹಲಸಿನ ಮರದ ಬಾಗಿಲು, ಎರಡು ಕೋಣೆ, ಬಾವಿ ಹಿತ್ತಲಿನಲ್ಲಿ. ಗೋಡೆಯ ತುಂಬ ಮೊಳೆಗಳು. ಅಂಗಿ ತೂಗುಹಾಕಲು, ಕ್ಯಾಲೆಂಡರಿಗೆ, ಗಿರಾಕಿಗಳ ಅಳತೆ ಚೀಟಿ ಸಿಕ್ಕಿಸಲು. ಅಡುಗೆಮನೆಯಲ್ಲಿ ಅವರು ಒಲೆಯ ಕಟ್ಟೆ ತಟ್ಟಿ, "ಹೊಗೆ ಎಲ್ಲ ಮೇಲೆ ಹೋಗ್ತದೆ, ನಮ್ಮನೆಯವ್ಳು ನಿಂತು ಕಟ್ಸಿದ್ದು" ಎಂದರು. ನಾನು ಹೂಂ ಎಂದು ತಲೆಯಾಡಿಸಿದೆ. ಮತ್ತೆ ತಲೆಯಾಡಿಸಿದೆ. ಕಿವಿ ಕೇಳದವರ ಎದುರು ಸುಮ್ಮನಿರುವುದು ಬಹಳ ಸುಲಭ. ಸುಳ್ಳು ಹೇಳಲು ಕೂಗಬೇಕು, ನಿಜ ಹೇಳಲೂ ಕೂಗಬೇಕು. ತಲೆಯಾಡಿಸಲು ಏನೂ ಬೇಡ.

ಮರುದಿನ ಹೆಂಡತಿಯನ್ನು ಕರೆತಂದು ತೋರಿಸಿದೆ. ಅವಳು ಒಲೆಕಟ್ಟೆಯನ್ನು ಸೆರಗಿನಿಂದ ಒರೆಸಿ ನೋಡಿದಳು. ಸಂಜೆಯ ಹೊತ್ತಿಗೆ ಮುಂಗಡ ಕೊಟ್ಟೆ. ಅದರ ಮರುದಿನ ಡ್ಯೂಟಿಯಲ್ಲಿ ಶರಾವತಿ ಸೇತುವೆಯ ಮೇಲೆ, ಹಾಡುಹಗಲು, ಬಸ್ಸು ತುಂಬ ಜನರಿರುವಾಗ ಚೀಟಿಯನ್ನು ಹರಿದು ಕಿಟಕಿಯಾಚೆ ಬಿಟ್ಟೆ. ಯಾರೂ ನೋಡಲಿಲ್ಲ. ನೋಡಿದ್ದರೂ ಹಳೆಯ ಟಿಕೆಟ್ ಎಂದುಕೊಳ್ಳುತ್ತಿದ್ದರು.

ಸೂತಕ ಕಳೆದ ಮರುದಿನ, ಹೇಳಿದ ಹಾಗೆಯೇ, ಅವಳು ತಮ್ಮನನ್ನು ಕರೆದುಕೊಂಡು ಟೇಲರ ಮನೆಗೆ ಹೋದಳು. ಅಂದು ನನ್ನದು ಕುಮಟಾ ಕಡೆಯ ಡ್ಯೂಟಿ. ಅಲ್ಲಿ ಏನಾಯಿತೆಂದು ನಂತರ ಅವಳೇ ಹೇಳಿದಳು. ನಿನ್ನಿಂದ ಮಾತು ಬರಲಿಲ್ಲ, ಮನೆ ಬೇರೆಯವರಿಗೆ ಕೊಟ್ಟುಬಿಟ್ಟೆ ಎಂದು ಟೇಲರ್ ಹೇಳಿದರಂತೆ. ಮಾತು ಕಳಿಸಿದ್ದೆ ಎಂದು ಇವಳು ಕೂಗಿದರೆ ಅವರು ಕೈಯಾಡಿಸಿ ಒಳಗೆ ಹೋದರಂತೆ. ಯಾರಿಗೆ ಕೊಟ್ಟರೆಂದು ಪಕ್ಕದ ಅಂಗಡಿಯವರು ಅವಳಿಗೆ ತಿಳಿಸಿದ್ದರು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದಳು. ಬುಟ್ಟಿ ಇತ್ತು. ಟಿಕೆಟಿಗೆ ಕೈ ಚಾಚಲಿಲ್ಲ.

"ಚೀಟಿ ಕೊಟ್ರಾ ಕಂಡಕ್ಟ್ರೇ?"

ಮರೆತೆ ಎಂದು ಹೇಳಬಹುದಿತ್ತು, ಅದರಲ್ಲಿ ಅರ್ಧ ನಿಜವೂ ಇತ್ತು. ನಾನು ಹೇಳಿದ್ದು ಬೇರೆ. ಆ ಮಾತನ್ನು ಇಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ.

"ಕೊಟ್ಟೆ ಅಮ್ಮ. ಅದೇ ದಿನ ಕೊಟ್ಟೆ. ಅವ್ರು ಓದಿ ಜೇಬಿಗೆ ಹಾಕ್ಕಂಡ್ರು. ಆಮೇಲೆ ಅವ್ರೇ ನನ್ನ ಕರ್ದು, ಸೂತಕದ ಮನೆಯವ್ಳಿಗೆ ಕೊಡೂಕೆ ಮನಸ್ಸಿಲ್ಲ, ನೀನೇ ತಕ್ಕೋ ಅಂದ್ರು."

ಅವಳು ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಸರಿಮಾಡಿದಳು. ಆಮೇಲೆ, "ನೀವು ತಕ್ಕಂಡದ್ದಕ್ಕೆ ಬೇಜಾರಿಲ್ಲ. ನೀವಲ್ದಿದ್ರೆ ಇನ್ನೊಬ್ರು. ಆದ್ರೆ ಆ ಮನುಷ್ಯ ಹಿಂಗೆ ಹೇಳಬಹುದಾ?" ಎಂದಳು. ನಾನು ವಿಸಿಲ್ ಹೊಡೆದೆ.

ನಾವು ಚೌತಿಗೆ ಮೊದಲೇ ಮನೆಯೊಕ್ಕಲಾದೆವು. ಹೆಂಡತಿ ಹಬ್ಬ ಕಳೆದದ್ದೇ ಬಂಗಡೆ ತರಿಸಿ, ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟು ಹುರಿದಳು. ಓಣಿಗೆಲ್ಲ ವಾಸನೆ ಹೋಗಲಿ ಎಂದಳು. ನಾನು ಎರಡು ತುತ್ತು ತಿಂದು ಎದ್ದೆ, ಡ್ಯೂಟಿಗೆ ಹೊತ್ತಾಯಿತು ಎಂದೆ.

ದಸರೆಯ ಹೊತ್ತಿಗೆ ಅದು ನಡೆಯಿತು. ಮಧ್ಯಾಹ್ನದ ಟ್ರಿಪ್ಪು, ಹೊನ್ನಾವರದಿಂದ ಭಟ್ಕಳಕ್ಕೆ. ಖಾಲಿ ಬುಟ್ಟಿ ಹಿಡಿದು ಹೂವಿನಾಕೆ ಬಾಗಿಲ ಪಕ್ಕ ಕೂತಿದ್ದಳು. ಯಾವುದೋ ಕೆಲಸಕ್ಕೆ ಪೇಟೆಗೆ ಬಂದಿದ್ದ ಟೇಲರ್ ಮುರುಡೇಶ್ವರಕ್ಕೆ ಹೋಗಲು ಹತ್ತಿದರು. ಸೀಟಿಲ್ಲದೆ ಅವಳ ಪಕ್ಕದ ಕಂಬ ಹಿಡಿದು ನಿಂತರು.

"ದೂರ ನಿಂತ್ಕಳಿ," ಎಂದಳು ಅವಳು, ಇಡೀ ಬಸ್ಸಿಗೆ ಕೇಳುವ ಹಾಗೆ. "ಸೂತಕ ತಾಗ್ತದೆ ನಿಮ್ಗೆ."

ಟೇಲರ್ ಕಿವಿಗೆ ಕೈ ಹಿಡಿದರು. "ಎಂತ?"

"ಮಾತು ಕೊಟ್ಟು ಮಾರ್ಕಂಡವ್ರಿಗೆ ಕಿವಿ ಕೇಳೂದಿಲ್ಲ, ದುಡ್ಡು ಮಾತ್ರ ಕಾಣ್ತದೆ!"

ಜನ ತಿರುಗಿ ನೋಡಿದರು. ಹಿಂದಿನ ಸೀಟಿನವನೊಬ್ಬ, "ಏ, ಎಂತ ಆತು ಅದು, ನಮ್ಗೂ ಹೇಳ್ರಾ" ಎಂದ. ಅವಳು ಹೇಳಿದಳು. ಸೂತಕ, ಚೀಟಿ, ಹತ್ತು ದಿನ, ಎಲ್ಲ. ಟೇಲರ ಮುಂದೆ ಕೂತಿದ್ದ ಮೀನು ವ್ಯಾಪಾರದವನೊಬ್ಬ ಪರೋಪಕಾರಕ್ಕೆಂದು ಎದ್ದು ಅವರ ಬಲಗಿವಿಗೆ ಕೂಗಿದ: "ಆಯಮ್ಮ ಕಳ್ಸಿದ ಚೀಟಿ ಓದಿ ಜೇಬಿಗೆ ಹಾಕ್ಕಂಡ್ರಂತೆ ನೀವು!"

"ಯಾವ ಚೀಟಿ?"

"ಕಂಡಕ್ಟ್ರು ತಂದ್ಕೊಟ್ಟ ಚೀಟಿ!"

ಟೇಲರ್ ನನ್ನ ಕಡೆ ತಿರುಗಿದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ಕೈಯಲ್ಲಿ ಟಿಕೆಟ್ ಮಷಿನ್. ಅವರಿಗೆ ನನ್ನ ಮುಖ ಸರಿಯಾಗಿ ಕಂಡಿತೋ ಇಲ್ಲವೋ. ಆದರೆ ಮೆಟ್ಟಿಲ ಮೇಲೆ ಕೂತಿದ್ದ ಆ ದಿನವನ್ನು ಅವರು ನೆನಪಿನಲ್ಲಿ ಹುಡುಕುತ್ತಿರುವುದು, ಹುಡುಕಿ ಸಿಕ್ಕಿದ್ದು, ಎರಡೂ ನನಗೆ ಕಂಡಿತು. ನಾನು ಅಲ್ಲಿಯೇ ಹೇಳಬೇಕಿತ್ತು. ಬಸ್ಸಿನಲ್ಲಿ ಅರವತ್ತು ಜನರಿದ್ದರು, ನಾಳೆಯೂ ನಾನು ಇದೇ ಅರವತ್ತು ಜನರ ಸಾಮಾನು ಹೊರಬೇಕಿತ್ತು.

"ಹೌದು," ಎಂದರು ಟೇಲರ್. ಅವರು ಯಾವಾಗಲೂ ಗಟ್ಟಿಯಾಗಿ ಮಾತಾಡುವವರು, ಅಂದು ಮೆಲ್ಲಗೆ ಹೇಳಿದರು. "ಕೊಟ್ಟಿದ್ರು. ನಾನೇ ಮರ್ತೆ. ವಯಸ್ಸಾತು, ಮರ್ತುಹೋತು."

"ಮರ್ತದ್ದಲ್ಲ, ಮರ್ಸಿದ್ದು!" ಎಂದ ಹಿಂದಿನವನು. ಬಸ್ಸು ನಕ್ಕಿತು. ಅವರು ಕಂಬ ಹಿಡಿದೇ ನಿಂತಿದ್ದರು. ಅವಳ ಕಡೆ ಬಾಗಿ ಏನೋ ಹೇಳಿದರು, ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಮುರುಡೇಶ್ವರದ ಕ್ರಾಸಿನಲ್ಲಿ ಇಳಿಯುವಾಗ ನನ್ನ ಪಕ್ಕದಲ್ಲೇ ಹಾದು ಹೋದರು. ನನ್ನನ್ನು ನೋಡಲಿಲ್ಲ. ನಾನು ರೈಟ್ ಎಂದೆ.

ಅವರು ಯಾಕೆ ಹಾಗೆ ಮಾಡಿದರೆಂದು ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಕೆಲಸಕ್ಕೆ ಕುತ್ತು ಬರುತ್ತದೆಂದೋ, ಮನೆಯಲ್ಲಿ ಆಗಲೇ ಒಂದು ಸಂಸಾರ ಇದೆ, ಎರಡು ಹೆಣ್ಣುಮಕ್ಕಳಿದ್ದಾರೆ ಎಂದೋ. ಅಥವಾ ಅಷ್ಟು ಜನರ ನಡುವೆ ಒಬ್ಬನನ್ನು ಬೆತ್ತಲೆ ಮಾಡುವುದು ಅವರಿಂದ ಆಗದ ಕೆಲಸವಾಗಿತ್ತೋ. ನಾನು ಕೇಳಲೇ ಇಲ್ಲ.

ಪೇಟೆಯಲ್ಲಿ ಆ ಕತೆ ಉಳಿಯಿತು. ಬಸ್ಸಿನಲ್ಲಿ ಆಡಿದ ಮಾತು ಕುಮಟಾದಿಂದ ಭಟ್ಕಳದವರೆಗೆ ಅದೇ ದಿನ ಹೋಗುತ್ತದೆ. ಹೇಳಿದ ದಿನಕ್ಕೆ ಕೊಡುವ ಟೇಲರ್ ಎಂದು ಮೂವತ್ತು ವರ್ಷ ಕರೆಸಿಕೊಂಡವರನ್ನು ಜನ "ಚೀಟಿ ನುಂಗಿದವ" ಎಂದು ಕರೆದರು. ನಾನೇ ಎರಡು ಸಲ ಕೇಳಿದ್ದೇನೆ, ಒಮ್ಮೆ ನಕ್ಕಿದ್ದೇನೆ ಕೂಡ. ಒಮ್ಮೆ ಅವರು ಹೆಂಡತಿಯ ವರ್ಷದ ಕಾರ್ಯಕ್ಕೆ ಒಂದು ಮಾರು ಮಲ್ಲಿಗೆ ಬೇಕೆಂದು ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುತ್ತಿದ್ದ ಅವಳ ಎದುರು ನಿಂತರು. ಬುಟ್ಟಿ ತುಂಬ ಹೂವಿತ್ತು. "ಇಲ್ಲ, ಖಾಲಿ" ಎಂದು ಅವಳು ಬುಟ್ಟಿಯನ್ನು ಅವರ ಕಣ್ಣೆದುರೇ ಮುಚ್ಚಿದಳು. ಅವರು ಅಂಗಡಿಯಿಂದ ಸೇವಂತಿಗೆ ಕೊಂಡು ಹೋದರು. ನಾನು ಬಸ್ಸಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಅವಳನ್ನು ಭಾವನ ಮಕ್ಕಳು ಆ ವರ್ಷವೇ ಹೊರಗೆ ಹಾಕಿದರು. ಆಮೇಲೆ ಅವಳು ಐದು ಬಾಡಿಗೆ ಮನೆ ಬದಲಿಸಿದ್ದಾಳೆ. ಈಗಿರುವುದು ಶೀಟಿನ ಮಾಡಿನ ಒಂದೇ ಕೋಣೆ.

ಟೇಲರ ಹತ್ತಿರ ತಪ್ಪಾಯಿತು ಎನ್ನಲು ನಾನು ಮೂರು ಸಲ ಮುರುಡೇಶ್ವರಕ್ಕೆ ಹೋದೆ. ಮೊದಲ ಸಲ ಗೇಟಿನ ತನಕ ಹೋಗಿ ತಿರುಗಿದೆ. ಎರಡನೆಯ ಸಲ ಅವರ ಮಗಳು ಚಹಾ ಕೊಟ್ಟು, "ಅಪ್ಪನಿಗೆ ಈಗ ಮತ್ತೂ ಕೇಳೂದಿಲ್ಲ, ಜೋರಾಗಿ ಹೇಳಿ" ಎಂದಳು. ಆಚೆ ಜಗಲಿಯಲ್ಲಿ ಅಳಿಯ, ಅವನ ಸ್ನೇಹಿತರು. ನಾನು ಅವರ ಕಿವಿಗೆ ಬಾಯಿಟ್ಟು, "ಆರಾಮಾ?" ಎಂದು ಕೂಗಿದೆ. "ಆರಾಮ, ಆರಾಮ. ಒಲೆ ಹೊಗೆ ಸರಿ ಹೋಗ್ತದ್ಯಾ?" ಎಂದರು. ಹೋಗುತ್ತದೆ ಎಂದು ತಲೆಯಾಡಿಸಿದೆ. ಮೂರನೆಯ ಸಲ ಬರೆದೇ ಕೊಡೋಣವೆಂದು ಪೆನ್ನು, ಕಾಗದ ಇಟ್ಟುಕೊಂಡು ಹೋದೆ. ಕಣ್ಣು ಪೂರ್ತಿ ಹೋಗಿತ್ತು. ಬರೆದುಕೊಟ್ಟರೆ ಅವರ ಮಗಳು ಓದಿ ಹೇಳಬೇಕು. ಅವಳು ಕೂಗಿ ಓದಬೇಕು. ಕಾಗದ ಜೇಬಿನಲ್ಲೇ ಉಳಿಯಿತು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ನನಗೆ ಹೇಳಿದವಳು ಹೆಂಡತಿ, "ಪಾಪ, ನಮ್ಮನೆ ಮುದುಕ್ರು ಹೋದ್ರು" ಎಂದು. ಅವಳಿಗೆ ಅಂದೇ ಎಲ್ಲ ಹೇಳಿದೆ. ಅವಳು ಒಲೆ ಆರಿಸಿ ಹೊರಗೆ ಹೋಗಿ ಕೂತಳು. ಐದನೆಯ ದಿನ, "ಆ ಹೂವಿನಮ್ಮನಿಗೆ ಹೇಳಿ ಬನ್ನಿ. ಹೇಳ್ದೆ ಮನೆಗೆ ಬರಬ್ಯಾಡಿ" ಎಂದಳು.

ಹೂವಿನಾಕೆಗೆ ಈಗ ತಲೆ ನರೆತಿದೆ. ಬಸ್‌ಸ್ಟ್ಯಾಂಡಿನ ಅದೇ ಜಾಗದಲ್ಲಿ ಕೂತು ಹೂ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕೂತು ಮೊದಲಿನಿಂದ ಹೇಳಿದೆ. ಮರೆತದ್ದು, ಜೇಬು, ತಲೆಯಾಡಿಸಿದ್ದು, ಸೇತುವೆ. ಸೂತಕದ ಮಾತು ಟೇಲರದಲ್ಲ, ನಾನೇ ಹುಟ್ಟಿಸಿದ್ದು ಎಂಬುದನ್ನು ಕಡೆಗೆ ಹೇಳಿದೆ. ಅದನ್ನು ಕೇಳಿದಾಗ ಅವಳ ಬೆರಳು ನಿಂತಿತು.

"ಹೂವಿಲ್ಲ ಅಂದೆನಲ್ಲ ಅವ್ರಿಗೆ," ಎಂದಳು. "ಅವ್ರ ಹೆಂಡ್ತಿ ಕಾರ್ಯಕ್ಕೆ. ಬುಟ್ಟಿ ತುಂಬ ಇಟ್ಕಂಡು."

"ತಪ್ಪಾಯ್ತು ಅಮ್ಮ. ನಿಂದಲ್ಲ, ನಂದು."

"ನಂಗೆ ಹೇಳಿದ್ದಾತು. ಅವ್ರಿಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ನನ್ಹತ್ರ ಎಂತಕ್ಕೆ ಬಂದ್ರಿ? ನಂಗೆ ಮೆಲ್ಲಗೆ ಹೇಳಿದ್ರೂ ಕೇಳ್ತದೆ ಅಂತ್ಲಾ?"

ಅವಳು ದಾರವನ್ನು ಹಲ್ಲಿನಿಂದ ಕಡಿದಳು.

"ಮನೆ ಬಿಟ್ಕೊಡ್ತ್ರಾ ನಂಗೆ?"

ಅಲ್ಲಿ ಒಂದು ಉತ್ತರ ಹೇಳಬೇಕಿತ್ತು. ನನ್ನ ಹೆಂಡತಿಯ ಮಂಡಿನೋವು, ಮಕ್ಕಳು ಬಾಣಂತನಕ್ಕೆ ಬರುವುದು, ಏನೇನೋ ತಲೆಯಲ್ಲಿ ಸುಳಿಯಿತು. ಕೆಳಗೆ ಬಿದ್ದಿದ್ದ ಒಂದು ಮೊಗ್ಗನ್ನು ಎತ್ತಿ ಅವಳ ಬುಟ್ಟಿಗೆ ಹಾಕಿದೆ.

"ಬ್ಯಾಡ ಬಿಡಿ," ಎಂದಳು. "ಕೇಳಿ ನೋಡ್ದೆ ಅಷ್ಟೆ. ಈ ವಯಸ್ಸಲ್ಲಿ ನಂಗೆ ಮನೆ ಎಂತಕ್ಕೆ. ಆದ್ರೆ ಬಸ್ಸು ತುಂಬ ಜನರ ಎದ್ರು ನಾನು ಅವ್ರ ಮರ್ಯಾದೆ ತೆಗ್ದೆ. ನೀವು ನನ್ನ ಕೈಲಿ ತೆಗ್ಸಿದ್ರಿ. ಅದನ್ನ ಹಿಂದೆ ಕೊಡಿ. ನಂಗಲ್ಲ, ಅಷ್ಟೂ ಜನಕ್ಕೆ ಕೇಳೂ ಹಂಗೆ ಹೇಳಿ."

ಆ ವಾರವೇ ಅವಳು ಒಂದು ಬುಟ್ಟಿ ಮಲ್ಲಿಗೆ ತೆಗೆದುಕೊಂಡು ಮುರುಡೇಶ್ವರಕ್ಕೆ ಹೋಗಿ, ಅವರ ಪಟಕ್ಕೆ ಹಾಕಿ, ಮಗಳ ಎದುರು ಅತ್ತು ಬಂದಳೆಂದು ಕೇಳಿದೆ. ಏನು ಹೇಳಿ ಅತ್ತಳೋ ಗೊತ್ತಿಲ್ಲ. ನನ್ನ ಹೆಸರು ಎತ್ತಲಿಲ್ಲವಂತೆ. ಅದು ನಾನೇ ಹೇಳಬೇಕಾದದ್ದು ಎಂದು ನನಗೇ ಬಿಟ್ಟಿದ್ದಾಳೆ.

ನನಗೆ ಬಸ್ಸಿನಲ್ಲಿ ನಿಂತು ಕೂಗುವ ಧೈರ್ಯ ಇನ್ನೂ ಬಂದಿಲ್ಲ. ಬರೆಯಲು ಬರುತ್ತದೆ, ಆದ್ದರಿಂದ ಬರೆದಿದ್ದೇನೆ. ಓದಿದವರು ಇನ್ನೊಬ್ಬರಿಗೆ ಹೇಳಲಿ, ಕುಮಟಾದಿಂದ ಭಟ್ಕಳದವರೆಗೆ ಹೇಳಲಿ. ಹೊನ್ನಾವರದ ಆ ಮನೆಗೆ ಚೀಟಿ ಬರಲೇ ಇಲ್ಲ. ಅದನ್ನು ನುಂಗಿದವನು ನಾನು. ಹೂವಿನಾಕೆಯ ಹತ್ತಿರ, ತಡವಾಗಿಯಾದರೂ, ತಪ್ಪಾಯಿತು ಎಂದೆ. ಹೆಂಡತಿಯ ಹತ್ತಿರ ಎಂದೆ. ಎದುರು ಕೂತು ಚಹಾ ಕುಡಿದೂ ಅನ್ನದೆ ಬಂದದ್ದು ಒಬ್ಬರ ಹತ್ತಿರ. ನನಗಾಗಿ ಅರವತ್ತು ಜನರ ಎದುರು, ನಾನೇ ಮರೆತೆ ಎಂದು ಹೇಳಿದ ಟೇಲರ ಹತ್ತಿರ.